ತಿಪ್ಪೆಗೂ ಗಿರಾಕಿ ಬೇಕು

ಊರ ಕಸಕ್ಕೆ ಏನಾದರೂ ಒಂದು ದಾರಿ ಮಾಡಬೇಕು ಅಂತ ಮಾತು ಎದ್ದಾಗಲೆಲ್ಲ ಮೊದಲು ಬರುವ ಪ್ರಶ್ನೆ ಒಂದೇ: ‘ಜಾಗ ಎಲ್ಲೈತ್ರಿ?’ ಯಲಬುರ್ಗಾದ ಚಹಾದಂಗಡಿ ಮುಂದೆ ಕೇಳಿ, ಸಂತೆಯಲ್ಲಿ ಕೇಳಿ, ಅದೇ ಮಾತು. ಬಾಜೂ ಮನೆ ಅಕ್ಕಾರೂ ಮೊನ್ನೆ ಕಂಪೌಂಡ್ ಗೋಡೆಗೆ ಆತುಕೊಂಡು ಅದನ್ನೇ ಎತ್ತಿದರು. ‘ಊರ ಹೊರಗ ನಾಕೆಕರೆ ಜಾಗ ತಗೊಂಡು, ಬೇಲಿ ಹಾಕಿ, ಕಸ ಒಯ್ದು ಸುರುವಿದ್ರ ಮುಗೀತಲ್ರೀ?’ ಮುಗಿಯೋದಿಲ್ಲ ಅಕ್ಕಾರ, ಅಲ್ಲಿಂದಲೇ ಶುರುವಾಗ್ತದ ಅಂದೆ. ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದರೂ ಅವರು ಹೋಗಲಿಲ್ಲ.

ಜಾಗದ ಮಾತು ಮೊದಲು ಮುಗಿಸಿಬಿಡೋಣ. 2016ರ ಘನತ್ಯಾಜ್ಯ ನಿಯಮದಲ್ಲಿ ಕಸ ಹೂಳುವ ಜಾಗ ಹೊಳೆಯಿಂದ 100 ಮೀಟರು, ಕೆರೆ, ಹೆದ್ದಾರಿ, ವಸತಿ, ಕುಡಿಯುವ ನೀರಿನ ಬಾವಿ ಇವುಗಳಿಂದ 200 ಮೀಟರು ದೂರ ಇರಬೇಕು ಅಂತ ಬರೆದಿತ್ತು. ಬರೆದದ್ದು ಸರಿಯೇ. ಆದರೆ ಒಂದೂರಿಗೆ ದೂರ ಅಂದರೆ ಇನ್ನೊಂದೂರಿಗೆ ಹತ್ತಿರ, ಇಲ್ಲದಿದ್ದರೆ ಯಾರದೋ ಹೊಲದ ಬದುವಿಗೆ ಹತ್ತಿರ. ಬೆಂಗಳೂರಿನವರು ತಮ್ಮ ಕಸವನ್ನು ಮಾವಳ್ಳಿಪುರಕ್ಕೆ ಒಯ್ದರು, ಅದು 2012ರಲ್ಲಿ ಬಂದ್ ಆಯಿತು. ಮಂಡೂರಿಗೆ ಒಯ್ದರು, 2014ರಲ್ಲಿ ಆ ಊರಿನ ಜನ ರಸ್ತೆಗಿಳಿದರು. ಕಣ್ಣಿಗೆ ಕಾಣದಷ್ಟು ದೂರ ಒಯ್ದರೆ ಸಾಕು ಅಂದುಕೊಂಡ ದೊಡ್ಡೂರಿನ ಪಾಡೇ ಇದಾದರೆ ನಮ್ಮಂಥ ಸಣ್ಣ ಊರು ಅದೇ ದಾರಿ ಹಿಡಿಯುವುದು ಯಾಕೆ, ಅಲ್ಲೇನ್ರಿ? ಅದೂ ಅಲ್ಲದೆ ಆ ನಿಯಮವೇ ಹೇಳಿತ್ತು: ಹೂಳಬೇಕಾದದ್ದು ಯಾವುದಕ್ಕೂ ಬಾರದೆ ಉಳಿದದ್ದನ್ನು ಮಾತ್ರ. ಗೊಬ್ಬರ ಆಗುವುದನ್ನು, ಗುಜರಿಗೆ ಹೋಗುವುದನ್ನು ಹೂಳುವ ಹಾಗೇ ಇಲ್ಲ. ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳು ಸಂಸ್ಕರಣೆಯ ಏರ್ಪಾಡು ಮಾಡಿಕೊಳ್ಳಲು ಆಗ ಮೂರು ವರ್ಷದ ಗಡುವು ಕೊಟ್ಟಿದ್ದರು. ಅಂದರೆ 2019ಕ್ಕೇ ಮುಗಿದ ಗಡುವು ಅದು.

ಹಾಗಾಗಿ ಜಾಗ ಎಲ್ಲಿ ಅನ್ನುವುದಕ್ಕಿಂತ ಮೊದಲು ‘ಒಯ್ಯೋರು ಯಾರು?’ ಅಂತ ಕೇಳಬೇಕು. ಕಸದ ಗಾಡಿಯವರು ಒಯ್ಯುವ ಮಾತಲ್ಲ ನಾನು ಹೇಳುತ್ತಿರುವುದು. ಕೊನೆಗೆ ಅದನ್ನು ಬೇಕು ಅಂತ ಕೇಳಿ ಒಯ್ಯುವವರು ಯಾರು ಅಂತ.

ಹಿಂದೆ ಒಯ್ಯುವವರಿದ್ದರು. ನಮ್ಮ ಅವ್ವನ ಕಾಲಕ್ಕೆ ಪ್ರತಿ ಮನೆಗೂ ಒಂದು ತಿಪ್ಪೆ ಇತ್ತು. ಇಂಥ ಮನೆಯವರ ತಿಪ್ಪೆ ಇಂಥಲ್ಲಿ ಅಂತ ಗುರುತೂ ಇತ್ತು. ಬೆಳಗ್ಗೆ ಎದ್ದು ಹೆಂಡಿಕಸ ತೆಗೆದು ಬುಟ್ಟಿ ಹೊತ್ತು ಸುರುವಿ ಬರುವುದು ಹೆಂಗಸರ ಮೊದಲ ಕೆಲಸ. ಒಲೆಯ ಬೂದಿ, ದನ ತಿಂದುಬಿಟ್ಟ ಕಣಿಕೆ, ಅಂಗಳ ಗುಡಿಸಿದ ಮಣ್ಣು, ಎಲ್ಲ ಅಲ್ಲಿಗೇ. ಅನ್ನ ಬಸಿದ ಗಂಜಿ, ತರಕಾರಿ ಸಿಪ್ಪೆ, ಪಾತ್ರೆ ತೊಳೆದ ನೀರು ತಿಪ್ಪೆಗೂ ಹೋಗುತ್ತಿರಲಿಲ್ಲ, ಮುಸುರೆ ಬಾನಿಗೆ ಹೋಗಿ ಎಮ್ಮೆಯ ಹೊಟ್ಟೆ ಸೇರುತ್ತಿತ್ತು. ಉಳಿದ ರೊಟ್ಟಿಯ ಗತಿ? ರೊಟ್ಟಿ ಉಳಿಯುತ್ತಲೇ ಇರಲಿಲ್ಲ. ಒಣಗಿದರೆ ಕಟಕ್ ರೊಟ್ಟಿ, ಮುರಿದರೆ ಒಗ್ಗರಣೆ ಹಾಕಿ ಮುಟಿಗಿ, ಅಲ್ಲೇನ್ರಿ?

ಚಳಿಗಾಲದ ಬೆಳಗ್ಗೆ ತಿಪ್ಪೆಯಿಂದ ಹಬೆ ಏಳುವುದನ್ನು ನೀವೂ ನೋಡಿರಬೇಕು. ಮೇಲಿನ ಪದರ ಸರಿಸಿ ಒಳಗೆ ಕೈ ಇಟ್ಟರೆ ಬಿಸಿ ತಾಗುತ್ತದೆ. ಒಳಗಿನ ಸೂಕ್ಷ್ಮಜೀವಿಗಳು ಕಸ ತಿಂದು ಉಸಿರಾಡುವ ಬಿಸಿ ಅದು. ಗೊಬ್ಬರದ ರಾಶಿ 55ರಿಂದ 60 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಕೆಲವು ದಿನ ಹಾಗೇ ನಿಂತರೆ ಕಳೆಯ ಬೀಜವೂ ಸಾಯುತ್ತದೆ, ರೋಗದ ಕ್ರಿಮಿಯೂ ಸಾಯುತ್ತದೆ. ಇವತ್ತು ಎಂಜಿನಿಯರುಗಳು ತಾಪಮಾಪಕ ಚುಚ್ಚಿ ನೋಡುವುದು ಇದನ್ನೇ. ಬೇಸಿಗೆಗೆ ಚಕ್ಕಡಿ ಕಟ್ಟಿ, ಗೊಬ್ಬರ ಹೇರಿ, ಎರೆ ಹೊಲದಲ್ಲಿ ಅಲ್ಲಲ್ಲಿ ಗುಂಪು ಹಾಕಿ ಬಂದರೆ ಮುಂಗಾರಿಗೆ ಹೊಲ ಸಜ್ಜು. ದೀಪಾವಳಿ ಪಾಡ್ಯದ ದಿನ ಹೆಂಡಿಯಿಂದ ಪಾಂಡವರನ್ನು ಮಾಡಿ ಹೂ ಚುಚ್ಚಿ ಕೂರಿಸುವಾಗ ತಿಪ್ಪೆಗೂ ಪೂಜೆ ಸಲ್ಲುತ್ತಿತ್ತು, ಈಗಲೂ ಹಳ್ಳಿಗಳಲ್ಲಿ ಸಲ್ಲುತ್ತದೆ.

ತಿಪ್ಪೆ ಅಂದಾಗ ನೆನಪಾಯಿತು ನೋಡ್ರಿ. ನಮ್ಮ ಸೀಮೆಯಲ್ಲಿ ತಿಪ್ಪಣ್ಣ, ತಿಪ್ಪವ್ವ ಅನ್ನುವ ಹೆಸರು ಎಷ್ಟು! ಹುಟ್ಟಿದ ಕೂಸುಗಳು ಉಳಿಯದೇ ಹೋದರೆ ಮುಂದಿನ ಕೂಸನ್ನು ತಿಪ್ಪೆಯ ಮೇಲೊಮ್ಮೆ ಹೊರಳಿಸಿ, ಆ ಹೆಸರಿಟ್ಟು, ತಿಪ್ಪೆಯ ಪಾಲಿನ ಕೂಸು ಅಂತ ಬೆಳೆಸುತ್ತಿದ್ದರು. ಸಾವು ಅದನ್ನು ತಿರುಗಿ ನೋಡದಿರಲಿ ಅಂತ. ಚಿತ್ರದುರ್ಗದ ಕಡೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಹೆಸರಿನಲ್ಲಿ ಲಕ್ಷಗಟ್ಟಲೆ ಜನ ಸೇರಿ ತೇರು ಎಳೆಯುತ್ತಾರೆ. ಒಂದು ಕಾಲಕ್ಕೆ ಕೂಸನ್ನು ಕಾಯಲಿ ಅಂತ ನಂಬಿ ಒಪ್ಪಿಸಿದ ಜಾಗವನ್ನು ಈಗ ಮೂಗು ಮುಚ್ಚಿಕೊಂಡು ದಾಟುತ್ತೇವೆ. ತಿಪ್ಪೆ ಕೆಟ್ಟದ್ದಾಯಿತೇ, ಇಲ್ಲಾ ತಿಪ್ಪೆಗೆ ನಾವು ಹಾಕುವುದು ಕೆಟ್ಟದ್ದಾಯಿತೇ?

ಎರಡನೆಯದೇ ಸರಿ. ದನ ಕಡಿಮೆಯಾದವು, ಹಿತ್ತಲಿಗೆ ಫರಸಿ ಬಿತ್ತು, ಮುಸುರೆ ಬಾನಿ ಮೂಲೆ ಸೇರಿತು. ಅದೇ ಹೊತ್ತಿಗೆ ಶಾಂಪೂ ಚೀಟಿ, ಗುಟ್ಕಾ ಚೀಟಿ, ಕುರಕುರೆ ಚೀಟಿ ಬಂದವು. ಒಂದು ಶಾಂಪೂ ಚೀಟಿ ಕೈಯಲ್ಲಿ ಹಿಡಿದು ನೋಡಿ. ಹಲ್ಲಿನಿಂದ ಕಚ್ಚಿ ಹರಿದ ಮೂಲೆಯ ಚೂರು ಉಗುರಿನಷ್ಟೂ ಇರುವುದಿಲ್ಲ, ಅದು ಬಚ್ಚಲ ಮೋರಿ ಸೇರುತ್ತದೆ. ಉಳಿದ ಚೀಟಿ ಹೊರಗೆ ಬಣ್ಣಬಣ್ಣ, ಒಳಗೆ ಬೆಳ್ಳಿ ಹೊಳಪು, ನಡುವೆ ಒಂದಕ್ಕೊಂದು ಅಂಟಿಸಿದ ಪದರಗಳು. ಆ ಪದರಗಳನ್ನು ಬಿಡಿಸಲು ಬರುವುದಿಲ್ಲ, ಹಾಗಾಗಿ ಗುಜರಿಯವರೂ ಮುಟ್ಟುವುದಿಲ್ಲ. ಹಸಿ ಕಸದ ಜೊತೆ ಬೆರೆತರೆ ಗೊಬ್ಬರ ಕೆಡುತ್ತದೆ, ಹಚ್ಚಿದರೆ ಹೊಗೆ ಕೆಡುಕು. ತೂಕ ಹಾಕಿದರೆ ಏನೂ ಇಲ್ಲ, ಆದರೆ ಗಾಳಿ ಬೀಸಿದರೆ ಊರಿನ ಎಲ್ಲ ಮುಳ್ಳುಬೇಲಿಗೂ ಅದರದೇ ಶೃಂಗಾರ. 2025ರ ಮೇ ತಿಂಗಳಲ್ಲಿ ತಳಕಲ್‌ನಿಂದ ಕುಷ್ಟಗಿಗೆ ರೈಲು ಓಡಿದ್ದು ನಮಗೆಲ್ಲ ಹಬ್ಬವೇ. ರೈಲಿನ ಜೊತೆ ಚೀಟಿಯೂ ಹೆಚ್ಚುತ್ತದೆ, ಅದನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಬೇಕು.

ಒಯ್ಯುವವರ ಮಾತಿಗೆ ಬರೋಣ. ನಮ್ಮ ಕೊಪ್ಪಳ ಜಿಲ್ಲೆಯಲ್ಲೇ ಒಂದು ಬೆರಗಿನ ಸಂಗತಿ ಇದೆ, ದಿನಾ ಕಂಡು ಕಂಡು ಅದರ ಬೆರಗೇ ಹೋಗಿದೆ. ಹೆಂಗಸರು ತಲೆ ಬಾಚಿದಾಗ ಹಣಿಗೆಗೆ ಬಂದ ಕೂದಲನ್ನು ಬೆರಳಿಗೆ ಸುತ್ತಿ, ಉಂಡೆ ಮಾಡಿ, ಗೋಡೆಯ ಸಂದಿಗೆ ಸಿಗಿಸುತ್ತಾರಲ್ಲ? ಓಣಿಯಲ್ಲಿ ‘ಕೂದಲಾ, ಕೂದಲಾ’ ಅಂತ ಕೂಗಿಕೊಂಡು ಬರುವವರಿಗೆ ಅದನ್ನು ಕೊಟ್ಟರೆ ಹಿಂದೆ ಪಿನ್ನೋ, ಬುಗ್ಗೆಯೋ, ಪಾತ್ರೆಯೋ ಸಿಗುತ್ತಿತ್ತು, ಈಗ ರೊಕ್ಕವನ್ನೇ ಎಣಿಸುತ್ತಾರೆ. ಆ ಕೂದಲು ಎಲ್ಲಿಗೆ ಹೋಗುತ್ತದೆ ಗೊತ್ತೇನ್ರಿ? ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರಕ್ಕೆ. ಅಲ್ಲಿ ಉಂಡೆ ಬಿಡಿಸಿ, ಸಿಕ್ಕು ತೆಗೆದು, ತೊಳೆದು, ಉದ್ದದ ಪ್ರಕಾರ ಬೇರೆ ಬೇರೆ ಕಟ್ಟು ಕಟ್ಟುತ್ತಾರೆ. ಸಿಕ್ಕು ಬಿಡಿಸುವ ಕೆಲಸ ಸುತ್ತಲ ಊರುಗಳ ಎಷ್ಟೋ ಹೆಂಗಸರಿಗೆ ಕೂಲಿ ಕೊಡುತ್ತದೆ. ಅಲ್ಲಿಂದ ಚೀನಾವರೆಗೂ ಹೋಗುತ್ತದೆ ನಮ್ಮ ಹಣಿಗೆಯ ಕೂದಲು. ಅದಕ್ಕೇ ನೋಡಿ, ಊರ ಮೋರಿಯಲ್ಲಿ ಏನೆಲ್ಲ ತೇಲುತ್ತದೆ, ಕೂದಲಿನ ಉಂಡೆ ಮಾತ್ರ ಸಿಗುವುದು ಅಪರೂಪ. ಯಾವ ಪಂಚಾಯ್ತಿಯೂ ಜಾಗೃತಿ ಜಾಥಾ ಮಾಡಲಿಲ್ಲ, ಗೋಡೆಗೆ ಬರೆಸಲಿಲ್ಲ, ದಂಡ ಹಾಕಲಿಲ್ಲ. ಗಿರಾಕಿ ಇದ್ದ, ಸಾಕಾಯಿತು.

ಹಳೇ ಸೀರೆಯ ಕಥೆಯೂ ಅದೇ, ಕೌದಿಯಾಗುತ್ತಿತ್ತು. ಕಿನ್ನಾಳದ ಗೊಂಬೆ ಕಲಾವಿದರಂತೂ ಹಳೇ ಗೋಣಿಯ ನಾರನ್ನು ಪುಡಿ ಮಾಡಿ, ಕಟ್ಟಿಗೆ ಹೊಟ್ಟು ಮತ್ತು ಹುಣಸೆ ಬೀಜದ ಅಂಟು ಕಲಸಿ ‘ಕಿಟ್ಟ’ ಅನ್ನುವ ಮಿದ್ದೆ ಮಾಡಿ, ಗೊಂಬೆಯ ಕೀಲುಗಳಿಗೆ ತುಂಬುತ್ತಾರೆ. ಬಣ್ಣ ಹಚ್ಚಿದ ಮೇಲೆ ಆ ಗರುಡನ ರೆಕ್ಕೆಯ ಬುಡದಲ್ಲಿ ಗೋಣಿ ಇದೆ ಅಂದರೆ ಯಾರಾದರೂ ನಂಬುತ್ತಾರೇನು?

ನಮ್ಮ ಅಕ್ಕಾರು ಇಷ್ಟು ಕೇಳಿ, ‘ಕೂದಲಿಗೇನೋ ಗಿರಾಕಿ ಅದಾರ. ಬದನಿಕಾಯಿ ತೊಟ್ಟಿಗೆ ಯಾರದಾರ?’ ಅಂದರು. ಸರಿಯಾದ ಪ್ರಶ್ನೆ. ನಮ್ಮ ಊರುಗಳ ಮನೆಯ ಕಸದಲ್ಲಿ ಹೆಚ್ಚುಕಡಿಮೆ ಅರ್ಧ ಹಸಿ ಕಸವೇ. ಅದಕ್ಕೆ ಗಿರಾಕಿ ನಮ್ಮ ರೈತ. ಯಲಬುರ್ಗಾ ಸುತ್ತ ಎರೆ ಭೂಮಿ, ಮಳೆ ನಂಬಿದ ಜೋಳ, ಕಡಲೆ. ದನ ಇದ್ದಾಗ ಇದ್ದ ಗೊಬ್ಬರ ಈಗ ಇಲ್ಲ, ಟ್ರ್ಯಾಕ್ಟರು ಹೆಂಡಿ ಹಾಕುವುದಿಲ್ಲ. ಬರೀ ಚೀಲದ ಗೊಬ್ಬರ ಹಾಕಿ ಹೊಲ ಬಿರುಸಾಗಿದೆ ಅನ್ನುವುದು ರೈತರದೇ ಮಾತು. ಒಂದು ಕಡೆ ಗೊಬ್ಬರ ಬೇಕಾದ ಹೊಲ, ಇನ್ನೊಂದು ಕಡೆ ಗೊಬ್ಬರ ಆಗಬೇಕಾದ ಕಸ, ನಡುವೆ ನಾಲ್ಕು ಕಿಲೋಮೀಟರು. ಬೆಂಗಳೂರಿಗೆ ಈ ಭಾಗ್ಯ ಇಲ್ಲ, ಅಲ್ಲಿ ಹೊಲ ಹುಡುಕಿಕೊಂಡು ಹೋಗಬೇಕು. ನಮಗೆ ಊರು ದಾಟಿದರೆ ಹೊಲ.

ಇದೇನೂ ಹೊಸ ವಿದ್ಯೆ ಅಲ್ಲ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಎಂಬ ವಿಜ್ಞಾನಿ ಪಟ್ಟಣದ ಕಸವನ್ನು ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ನಡುವೆ ಮಲವನ್ನು ಹರಡಿ, ಮೇಲೆ ಮಣ್ಣು ಮೆತ್ತಿ, ತಿರುವಿ ಹಾಕದೆ ಕೆಲವು ತಿಂಗಳು ಬಿಟ್ಟು ಗೊಬ್ಬರ ತೆಗೆಯುವ ಕ್ರಮ ರೂಪಿಸಿದರು. ಪಠ್ಯಪುಸ್ತಕಗಳಲ್ಲಿ ಅದು ಇಂದಿಗೂ ‘ಬೆಂಗಳೂರು ಪದ್ಧತಿ’. ಅದಕ್ಕೂ ಮೊದಲು ಇಂದೋರಿನಲ್ಲಿ ಆಲ್ಬರ್ಟ್ ಹೊವಾರ್ಡ್ ಎಂಬ ಇಂಗ್ಲಿಷ್ ವಿಜ್ಞಾನಿ ರಾಶಿಯನ್ನು ತಿರುವಿ ಹಾಕುವ ಕ್ರಮ ಕಟ್ಟಿ 1931ರಲ್ಲಿ ಪುಸ್ತಕ ಬರೆದರು, ಅದು ‘ಇಂದೋರ್ ಪದ್ಧತಿ’. ಜಗತ್ತಿನ ಗೊಬ್ಬರಶಾಸ್ತ್ರದಲ್ಲಿ ನಮ್ಮ ಎರಡು ಊರುಗಳ ಹೆಸರು! ಅದೇ ಇಂದೋರು ಸ್ವಚ್ಛ ನಗರಗಳ ಪಟ್ಟಿಯಲ್ಲಿ ವರ್ಷಗಟ್ಟಲೆ ಮೊದಲು ನಿಂತಿತು, ಹಸಿ ಕಸದಿಂದ ಗ್ಯಾಸ್ ತೆಗೆದು ಬಸ್ಸು ಓಡಿಸುತ್ತದೆ. ಕರ್ನಾಟಕ ಸರ್ಕಾರವಂತೂ 1975ರಲ್ಲೇ ಗೊಬ್ಬರಕ್ಕಾಗಿ ಒಂದು ನಿಗಮ ಕಟ್ಟಿತ್ತು, ಕಾಂಪೋಸ್ಟ್ ಅಭಿವೃದ್ಧಿ ನಿಗಮ ಅಂತ. ನಿಗಮ ಬೆಂಗಳೂರಿನ ಕೂಡ್ಲುವಿನಲ್ಲಿ ನಿಂತಾಗ ಸುತ್ತ ಬಯಲಿತ್ತು. ಆಮೇಲೆ ಬಡಾವಣೆ ಬೆಳೆದು ಬಂದು ಅದರ ಪಕ್ಕಕ್ಕೇ ಮನೆ ಕಟ್ಟಿಕೊಂಡು, ವಾಸನೆ ಅಂತ ತಕರಾರು ತೆಗೆಯಿತು.

ವಾಸನೆ ಯಾಕೆ ಬರುತ್ತದೆ ಅನ್ನುವುದಕ್ಕೂ ಕಾರಣ ಇದೆ. ರಾಶಿಗೆ ಗಾಳಿ ಆಡದೆ ನೀರು ನಿಂತರೆ ನಾರುತ್ತದೆ. ಹಸಿಯ ಜೊತೆ ಒಣ ಎಲೆ, ಕಣಿಕೆ ಚೂರು ಬೆರೆಸಿ, ಹಿಂಡಿದರೆ ಕೈ ಒದ್ದೆಯಾಗಬೇಕು ಆದರೆ ಹನಿ ಉದುರಬಾರದು ಅನ್ನುವ ಹದದಲ್ಲಿ ಇಟ್ಟು, ವಾರಕ್ಕೊಮ್ಮೆ ತಿರುವಿದರೆ ನಾರುವುದಿಲ್ಲ. ಕೊನೆಗೆ ಜರಡಿ. ಸರ್ಕಾರದ ಮಾನದಂಡದ ಪ್ರಕಾರ ಪಟ್ಟಣದ ಗೊಬ್ಬರದ 90 ಭಾಗ 4 ಮಿಲಿಮೀಟರಿನ ಜರಡಿಯಲ್ಲಿ ಇಳಿಯಬೇಕು. ರೈತ ಮಾತ್ರ ಅದಕ್ಕಿಂತ ಕಟ್ಟುನಿಟ್ಟು. ಅವನು ಬೊಗಸೆ ತುಂಬ ಎತ್ತಿ, ಬೆರಳ ಸಂದಿಯಿಂದ ಉದುರಿಸಿ, ಕೊನೆಗೆ ಅಂಗೈಯಲ್ಲಿ ಉಳಿದದ್ದನ್ನು ನೋಡುತ್ತಾನೆ. ಒಂದು ಗಾಜಿನ ಚೂರು, ಒಂದು ಬ್ಲೇಡಿನ ತುಂಡು, ಒಂದು ಚೀಟಿಯ ಹೊಳಪು ಕಂಡರೆ ಮುಗಿಯಿತು, ಅವನು ಇನ್ನೊಮ್ಮೆ ಬರುವುದಿಲ್ಲ. ಬರಿಗಾಲಲ್ಲಿ ತಿರುಗುವ ಹೊಲಕ್ಕೆ ಗಾಜು ಸುರುವಿಕೊಳ್ಳಲು ಯಾರು ಒಪ್ಪುತ್ತಾರೆ? ಕೇಂದ್ರ ಸರ್ಕಾರ 2016ರಲ್ಲಿ ಪಟ್ಟಣದ ಗೊಬ್ಬರಕ್ಕೆ ಟನ್ನಿಗೆ 1,500 ರೂಪಾಯಿ ನೆರವು ಘೋಷಿಸಿತ್ತು. ರೊಕ್ಕ ಬೇಕು, ಬೇಡ ಅನ್ನುವುದಿಲ್ಲ. ಆದರೆ ರೈತನ ಅಂಗೈ ಪಾಸು ಮಾಡದ ಗೊಬ್ಬರ ಯಾವ ನೆರವಿನಿಂದಲೂ ಖರ್ಚಾಗುವುದಿಲ್ಲ.

ಆ ಗಾಜಿನ ಚೂರು ಬೇರೆಯಾಗಬೇಕಾದ ಜಾಗ ನಮ್ಮ ಅಡುಗೆಮನೆ. ಗಾಡಿಯಲ್ಲಿ ಆಗುವುದಿಲ್ಲ, ಯಂತ್ರದಲ್ಲಿ ಅಷ್ಟಕ್ಕಷ್ಟೇ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದರಿಂದಲೇ ದೇಶಕ್ಕೆ 2000ದಲ್ಲಿ ಮೊದಲ ಕಸದ ನಿಯಮ ಬಂತು. 2015ರಲ್ಲಿ ನಮ್ಮ ಹೈಕೋರ್ಟು ಬೆಂಗಳೂರಿಗೆ ‘ಎರಡು ಬುಟ್ಟಿ, ಒಂದು ಚೀಲ’ ಅಂತ ಆದೇಶ ಮಾಡಿತು: ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಪ್ಯಾಡು, ಡೈಪರಿನಂಥವು, ಚೀಲಕ್ಕೆ ಒಣ ಕಸ. ಮೂರೇ ಮೂರು. ಜೋಳದಲ್ಲಿ ಹರಳು ಆರಿಸುವ ಹೆಂಗಸರಿಗೆ ಇದೇನು ದೊಡ್ಡ ಕೆಲಸವೇ?

ಅಕ್ಕಾರು ನಕ್ಕರು. ‘ಹೆಂಗಸರೇ ಯಾಕ್ರೀ, ಗಂಡಸರಿಗೆ ಕೈ ಇಲ್ಲೇನು?’ ಅಂದರು. ಒಪ್ಪಿದೆ.

2016ರ ಆ ನಿಯಮದಲ್ಲಿ ಒಂದು ವಿಚಿತ್ರ ಕಲಮು ಇತ್ತು, ಅದನ್ನು ಹೇಳದೆ ಬಿಡಲಾರೆ. ಲೈಸೆನ್ಸು ಇಲ್ಲದ ಜಾಗದಲ್ಲಿ 100ಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮ ಇಟ್ಟುಕೊಂಡರೆ ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸ ಬೇರೆ ಬೇರೆ ಮಾಡಿ ಕೊಡಬೇಕು. ನೂರು ಜನ! ನಮ್ಮಲ್ಲಿ ತೊಟ್ಟಿಲ ಕಾರ್ಯಕ್ಕೇ ಬೀಗರ ಕಡೆಯಿಂದ ಅಷ್ಟು ಜನ ಬರುತ್ತಾರೆ. ಮನೆ ಮುಂದೆ ಶಾಮಿಯಾನ ಹಾಕಿದ ಮದುವೆ, ಶಾಂತಿ, ದಿನಕರ್ಮ, ಯಾವುದಕ್ಕೆ ನೂರರೊಳಗೆ ಜನ? ಆದರೂ ಕಲಮಿನ ಹಿಂದಿನ ವಿಚಾರ ಒಳ್ಳೆಯದು. ಒಂದು ಮದುವೆಯ ಎಂಜಲೆಲೆ ಪ್ಲಾಸ್ಟಿಕ್ ಲೋಟದ ಜೊತೆ ಬೆರೆತರೆ ಒಂದು ಓಣಿಯ ವಾರದ ಗೊಬ್ಬರ ಹಾಳು. ಹಿಂದೆ ಮುತ್ತಲ ಎಲೆಯ ಪತ್ರಾವಳಿ, ನೀರಿಗೆ ತಂಬಿಗೆ. ಉಂಡೆದ್ದ ಎಲೆಯನ್ನು ಹಾಗೇ ತಿಪ್ಪೆಗೆ ಹಾಕಬಹುದಿತ್ತು.

ಊಟದ ಮಾತು ಬಂತಲ್ಲ, ಕೊಪ್ಪಳದ ಗವಿಮಠದ ಜಾತ್ರೆ ನೆನಪಾಗದೆ ಇರುತ್ತದೆಯೇ? ದಾಸೋಹಕ್ಕೆ ಹಳ್ಳಿ ಹಳ್ಳಿಯ ಹೆಂಗಸರು ರೊಟ್ಟಿ ಬಡಿದು ಗಾಡಿ, ಟ್ರ್ಯಾಕ್ಟರು ತುಂಬ ಹೇರಿ, ಮೇಳ ಬಾರಿಸಿಕೊಂಡು ತರುತ್ತಾರೆ. ಲಕ್ಷಗಟ್ಟಲೆ ರೊಟ್ಟಿ, ಲಕ್ಷಗಟ್ಟಲೆ ಮಿರ್ಚಿ. ಅದೇ ಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ 2019ರಲ್ಲಿ ಹಿರೇಹಳ್ಳಕ್ಕೆ ತಾವೇ ಇಳಿದು, ಜನರನ್ನೂ ಇಳಿಸಿ, ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರು ಹೂಳು, ಜಾಲಿ, ಕಸ ತೆಗೆಸಿದರು. ಕರೆಯುವವರು ಕರೆದರೆ ನಮ್ಮ ಜನ ಬರುತ್ತಾರೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ ಹಳ್ಳ ತೆಗೆಯುವುದು ಒಂದು ಸಲದ ಕೆಲಸ, ಮನೆಯ ಕಸ ದಿನದ ಕೆಲಸ. ಅದನ್ನು ಮಾಡುವವರು ಪೌರಕಾರ್ಮಿಕರು. ನಾವು ಬೆರೆಸಿ ಕೊಟ್ಟದ್ದನ್ನು ಅವರು ಕೈಯಿಂದ ಬಿಡಿಸುತ್ತಾರೆ. ಪೇಪರಿನಲ್ಲಿ ಸುತ್ತದೆ ಎಸೆದ ಒಡೆದ ಬಲ್ಬು ಮೊದಲು ಸಿಗುವುದು ಅವರ ಅಂಗೈಗೆ. ನಮ್ಮ ರಾಜ್ಯ ಈ ವಿಷಯದಲ್ಲಿ ಮುಂದೆ ನಡೆದಿತ್ತು. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವ ಪದ್ಧತಿಗೆ ನಿಷೇಧ ತಂದರು. 1976ರಲ್ಲಿ ಐ. ಪಿ. ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಬದುಕಿನ ಬಗ್ಗೆ ವರದಿ ಕೊಟ್ಟಿತು. ಸೆಪ್ಟೆಂಬರ್ 23 ಅವರ ದಿನಾಚರಣೆ, ಅಂದು ಶಾಲು ಹೊದಿಸುತ್ತೇವೆ. ಶಾಲು ಒಳ್ಳೆಯದೇ. ದಿನಾ ಗ್ಲೌಸು, ಬೂಟು, ಹೊತ್ತಿಗೆ ಸರಿಯಾಗಿ ಪಗಾರ, ಮತ್ತು ಬೇರ್ಪಡಿಸಿದ ಕಸ ಕೊಟ್ಟರೆ ಇನ್ನೂ ಒಳ್ಳೆಯದು. ಸುತ್ತಲ ಗ್ರಾಮ ಪಂಚಾಯ್ತಿಗಳಲ್ಲಿ ಸ್ವಸಹಾಯ ಸಂಘದ ಹೆಂಗಸರೇ ‘ಸ್ವಚ್ಛ ವಾಹಿನಿ’ ಓಡಿಸಿಕೊಂಡು ಬರುವುದನ್ನು ನೋಡುವಾಗ ಎಷ್ಟು ಹೆಮ್ಮೆ ಅನ್ನಿಸುತ್ತದೆ! ಸ್ಟೇರಿಂಗ್ ಹಿಡಿದ ಆ ತಾಯಂದಿರಿಗೆ ಕೊಳೆತದ್ದನ್ನೂ ಒಡೆದದ್ದನ್ನೂ ಒಂದೇ ಚೀಲದಲ್ಲಿ ಕಟ್ಟಿ ಕೊಡಲು ಮನಸ್ಸಾದರೂ ಹೇಗೆ ಬರುತ್ತದೆ?

ನನಗೆ ಅನ್ನಿಸುವುದು ಇಷ್ಟು. ಸಣ್ಣ ಊರಿನ ಕಸದ ಯೋಜನೆ ಎಷ್ಟು ಗಾಡಿ, ಎಷ್ಟು ಎಕರೆ, ಎಷ್ಟು ಲಕ್ಷದ ಯಂತ್ರ ಅನ್ನುವುದರಿಂದ ಶುರುವಾಗಬಾರದು. ಹಸಿ ಕಸದ ಗೊಬ್ಬರ ಯಾವ ರೈತರು ಒಯ್ಯುತ್ತಾರೆ, ಯಾವ ತಿಂಗಳು ಒಯ್ಯುತ್ತಾರೆ ಅನ್ನುವುದು ಮೊದಲು ಬರೆಯಬೇಕು. ಅವರು ಹೇರುವುದು ಬೇಸಿಗೆಯಲ್ಲಿ, ಹಾಗಾಗಿ ಮಳೆಗಾಲದ ಗೊಬ್ಬರ ನೆನೆಯದಂತೆ ಸೂರು ಬೇಕು. ಒಣ ಕಸದಲ್ಲಿ ರಟ್ಟು, ಬಾಟಲಿ, ಕಬ್ಬಿಣಕ್ಕೆ ಗುಜರಿ ಅಂಗಡಿ ಇದ್ದೇ ಇದೆ, ಆರಿಸಿ ತರುವವರಿಗೆ ಗುರುತಿನ ಚೀಟಿ ಮತ್ತು ಕೂರಲು ನೆರಳು ಕೊಟ್ಟರಾಯಿತು. ಯಾರೂ ಕೇಳದ ಹೊಳೆಯುವ ಚೀಟಿಗೆ ಅದನ್ನು ಮಾಡಿದ ಕಂಪನಿಗಳೇ ಹೊಣೆ ಅಂತ ಪ್ಲಾಸ್ಟಿಕ್ ತ್ಯಾಜ್ಯದ ನಿಯಮ ಹೇಳುತ್ತದೆ. ಆ ಹೊಣೆಯನ್ನು ಕಾಗದದಿಂದ ಕೆಳಗಿಳಿಸಿ ನಮ್ಮ ಊರಿನ ಚೀಲಗಳವರೆಗೆ ತರಿಸುವುದು ಆಡಳಿತದ ಕೆಲಸ. ಇಷ್ಟು ಆದ ಮೇಲೆ ಉಳಿಯುವುದು ಸ್ವಲ್ಪ. ಆ ಸ್ವಲ್ಪಕ್ಕೆ ಬೇಕಾಗುವ ಜಾಗವೂ ಸ್ವಲ್ಪ.

ಅಷ್ಟರಲ್ಲಿ ಒಳಗೆ ಕುಕ್ಕರು ಕೂಗಿ ಅಕ್ಕಾರು ಹೊರಟರು. ಹೋಗುವಾಗ ‘ಇದನ್ನೆಲ್ಲ ಯಾರಿಗೆ ಹೇಳೂದ್ರಿ?’ ಅಂತ ಕೇಳಿದರು. ವಾರ್ಡಿನ ಮೆಂಬರಿಗೇ ಹೇಳಬೇಕು. ಮುಂದಿನ ಸಲ ಅವರು ಓಣಿಗೆ ಬಂದಾಗ ಗಾಡಿ ದಿನಾ ಬರ್ತದೋ ಇಲ್ಲೋ ಅಂತ ಕೇಳಿ ಬಿಡಬೇಡಿ. ‘ಈ ವರ್ಷ ನಮ್ಮೂರಿನ ಕಸದಿಂದ ಎಷ್ಟು ಚಕ್ಕಡಿ ಗೊಬ್ಬರ ಹೊಲಕ್ಕೆ ಹೋತ್ರಿ?’ ಅಂತಲೂ ಕೇಳಿ. ಹಂಗ ಕೇಳೋ ಮೊದಲು ನಿಮ್ಮ ಮನೆಯ ಹಸಿ ಕಸ ಬೇರೆ ಇಡಲು ಇವತ್ತೇ ಶುರು ಮಾಡಿ.